ಅಂಗಡಿ ಟೀಚರಮ್ಮನವರು

ನಮ್ಮ ಶಾಲೆಯ ಸ್ಮರಣ ಸಂಚಿಕೆಯು ಹೊರಡುವುದೆಂಬ ಸುದ್ದಿ ಹರಡಿದೊಡನೆಯೇ ಹಿರಿಯೂರಿನಿಂದಲೂ ಹೊಸದುರ್ಗದಿಂದಲೂ ಹೊಳಲ್ಕೆರೆಯಿಂದಲೂ ಹಳೆಯ ವಿದ್ಯಾರ್ಥಿನಿಯರು ನಮಗೆ ಹೇಳಿಕಳುಹಿಸಿದ ಮಾತು ಒಂದೇ: “ಅಂಗಡಿ ಟೀಚರಮ್ಮನವರ ವಿಷಯವನ್ನು ಬರೆಯುವಿರಷ್ಟೆ?” ಕಟ್ಟಡಗಳ ಅಭಿವೃದ್ಧಿಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಕುರಿತು ಬರೆಯಲು ಬೇರೆ ಪುಟಗಳುಂಟು, ಬರೆಯತಕ್ಕವರೂ ಬೇರೆ ಇರುವರು. ಆದಕಾರಣ ಮುಖ್ಯೋಪಾಧ್ಯಾಯಿನಿಯೆಂದು ನಮ್ಮ ಪಾಲಿಗೆ ಬಂದಿರುವ ಪುಟಗಳನ್ನು ಆ ಪೂಜ್ಯರ ನೆನಪಿಗೇ ಮೀಸಲಿಡುವೆವು.

ಅವರ ಹೆಸರನ್ನು ಇಲ್ಲಿ ಅಚ್ಚುಮಾಡಿಸಿರುವುದಿಲ್ಲ. ತಮ್ಮ ಹೆಸರು ಕಲ್ಲಿನಲ್ಲಾಗಲಿ ಕಾಗದದಲ್ಲಾಗಲಿ ಬರಕೂಡದೆಂದು ಬದುಕಿದ್ದಾಗಲೇ ಅವರು ನಮ್ಮಿಂದ ಮಾತು ತೆಗೆದುಕೊಂಡಿದ್ದರು. ಬರೆದರೂ ಗುರುತಿಸುವವರು ಕೆಲವರೇ. ಹಾಜರಿ ಪುಸ್ತಕದಲ್ಲಿಯೂ ಸಭೆಯ ದಾಖಲೆಯಲ್ಲಿಯೂ ಇದ್ದ ಆ ಹೆಸರನ್ನು ಊರು ಎಂದೋ ಮರೆತುಬಿಟ್ಟಿತ್ತು. ವಿದ್ಯಾರ್ಥಿನಿಯರಿಗೆ ಹೇಗೋ ಹಾಗೆಯೇ ಬಸ್ಸಿನ ಕಂಡಕ್ಟರರಿಗೂ, ಹೂ ಮಾರುವವರಿಗೂ, ಅಂಚೆಯವನಿಗೂ ಅವರು ಅಂಗಡಿ ಟೀಚರಮ್ಮ. “ಅಂಗಡಿ ಟೀಚರಮ್ಮ, ಚಿತ್ರದುರ್ಗ” ಎಂದಷ್ಟೇ ವಿಳಾಸವಿದ್ದ ಕ್ರಿಸ್ಮಸ್ ಕಾಗದಗಳು ತಪ್ಪದೆ ಮುಟ್ಟುತ್ತಿದ್ದುದನ್ನು ನಾವೇ ಕಂಡಿದ್ದೇವೆ.

ಅವರು ಹುಟ್ಟಿದುದು 1932ನೆಯ ಇಸವಿಯಲ್ಲಿ, ಹಿರಿಯೂರಿನ ಬಳಿಯಲ್ಲಿ. ತಂದೆ ಮಾರಿಕಣಿವೆಯ ಕಾಲುವೆಯ ಮೇಲೆ ನೀರುಗಂಟಿಯಾಗಿದ್ದರು. ವೇದಾವತೀ ನದಿಗೆ ಎರಡು ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿರುವ ಆ ಜಲಾಶಯದ ಕೆಲಸವು 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿಯಿತೆಂಬುದನ್ನೂ, ಕೆಲಸ ಮೊದಲಾದಾಗ ಮೈಸೂರು ಸಂಸ್ಥಾನವನ್ನು ರೀಜೆಂಟರಾಗಿ ಆಳುತ್ತಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರನ್ನು ಅದಕ್ಕೆ ಇಟ್ಟರೆಂಬುದನ್ನೂ ನಮ್ಮ ಮಕ್ಕಳು ಪಾಠದಲ್ಲಿ ಓದುವರು. ಟೀಚರಮ್ಮನವರು ಅದನ್ನು ಓದಿ ತಿಳಿದವರಲ್ಲ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಎಂದಿಗೆ, ಕಾಲುವೆಯ ನೀರು ತಗ್ಗಿದರೆ ಆ ಸರದಿಯನ್ನು ಹೇಗೆ ಹಂಚಬೇಕು ಎಂಬುದನ್ನೆಲ್ಲ ತಂದೆಯು ಬಾಯಲ್ಲಿಯೇ ಲೆಕ್ಕಹಾಕುತ್ತಿದ್ದುದನ್ನು ಕೇಳುತ್ತ ಬೆಳೆದವರು. ತಂದೆಗೆ ಅಕ್ಷರ ಬಾರದು. ಆದರೆ ಕಾಲು, ಅರೆ, ಮುಕ್ಕಾಲು, ವೀಸಗಳು ನಾಲಗೆಯ ಮೇಲೆ ಕುಣಿಯುತ್ತಿದ್ದವಂತೆ. ಅವರು ಹೇಳಿದುದನ್ನು ಆರು ವರುಷದ ಮಗಳು ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ಗುರುತುಮಾಡಿಡುವಳು. ಹಳ್ಳಿಗಳನ್ನು ಸುತ್ತುತ್ತ ಬಂದ ಮಿಷನ್ನಿನ ಅಮ್ಮನವರೊಬ್ಬರು ಒಂದು ದಿನ ಆ ಗೋಡೆಯನ್ನು ನೋಡಿ, ಗೋಡೆ ಯಾರದೆಂದು ಕೇಳದೆ ಗೆರೆಗಳು ಯಾರವೆಂದು ಕೇಳಿದರಂತೆ. ಹುಡುಗಿಯನ್ನು ಬೋರ್ಡಿಂಗ್ ಶಾಲೆಗೆ ಕರೆದುಕೊಂಡು ಹೋಗುವ ಮಾತು ಅಂದೇ ಗೊತ್ತಾಯಿತು.

ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನವರು ಕನ್ನಡ ಹೆಣ್ಣುಮಕ್ಕಳಿಗಾಗಿ 1840ರ ದಶಕದಲ್ಲಿಯೇ ಶಾಲೆಯನ್ನು ತೆರೆದಿದ್ದರು. ಮೈಸೂರಿನಲ್ಲಿ ಮಹಾರಾಣಿಯವರ ಶಾಲೆಯು 1881ರಲ್ಲಿ ಆರಂಭವಾಗಿತ್ತು. ಆದರೆ ರಾಜಧಾನಿಯಲ್ಲಿ ಹೊತ್ತಿಸಿದ ದೀಪದ ಬೆಳಕು ಹಿರಿಯೂರು ಹೊಸದುರ್ಗಗಳ ಹಳ್ಳಿಗಳಿಗೆ ಮುಟ್ಟಲು ಬಹಳ ಕಾಲ ಹಿಡಿಯಿತು. ನಾಲ್ಕನೆಯ ತರಗತಿಯನ್ನು ದಾಟಿದ ಹುಡುಗಿಯನ್ನು ನೋಡಲು ಆಗ ಪಕ್ಕದ ಊರಿನವರು ಬರುತ್ತಿದ್ದರೆಂದು ಟೀಚರಮ್ಮನವರು ನಗುತ್ತ ಹೇಳುವರು. ಪ್ರೌಢಶಾಲೆಯ ತರುವಾಯ ಉಪಾಧ್ಯಾಯಿನಿಯರ ತರಬೇತಿಯನ್ನು ಮುಗಿಸಿಕೊಂಡು ಅವರು ನಮ್ಮ ಶಾಲೆಗೆ 1952ರಲ್ಲಿ ಬಂದರು. 1990ರಲ್ಲಿ ವಯಸ್ಸು ತುಂಬಿ ನಿವೃತ್ತರಾಗುವ ಪರಿಯಂತರ ಬೇರೊಂದು ಶಾಲೆಯ ಮೆಟ್ಟಿಲನ್ನು ತುಳಿಯಲಿಲ್ಲ.

ಅವರು ಕಲಿಸಿದುದು ಲೆಕ್ಕ. ನಾವು ಅವರ ಕೊನೆಯ ತಂಡದ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಅವರು ಮುದ್ದುಮಾಡಿ ಕಲಿಸುತ್ತಿದ್ದರೆಂದು ಬರೆದರೆ ಓದುವ ಹಳೆಯ ವಿದ್ಯಾರ್ಥಿನಿಯರು ನಕ್ಕಾರು. ಒಂದೂಕಾಲರ ಮಗ್ಗಿಯನ್ನು ತಡವರಿಸದೆ ಹೇಳುವ ತನಕ ಬೆಂಚಿನ ಮೇಲೆ ನಿಲ್ಲಬೇಕಾಗಿತ್ತು. ನಿಧಾನವಾಗಿ ತಿಳಿದುಕೊಳ್ಳುವ ಮಕ್ಕಳ ಮೇಲೆ ಅವರಿಗೆ ತಾಳ್ಮೆ ಸಾಲದೆಂದು ಆಗಲೂ ಕೆಲವು ತಾಯಂದಿರು ಹೇಳುತ್ತಿದ್ದರು, ಆ ಮಾತಿನಲ್ಲಿ ನಿಜವುಂಟು. ಸಂಗೀತ ನಾಟಕಗಳೆಂದರೆ ಅವರಿಗೆ ಕಾಲಹರಣ. ಕ್ರಿಸ್ಮಸ್ ನಾಟಕದ ಅಭ್ಯಾಸಕ್ಕೆಂದು ಲೆಕ್ಕದ ಗಂಟೆಯನ್ನು ಕೇಳಲು ಹೋದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು.

ಆದರೆ ಲೆಕ್ಕವು ಪುಸ್ತಕದಲ್ಲಿ ಹುಟ್ಟುವುದಿಲ್ಲ, ಊರಿನಲ್ಲಿ ಹುಟ್ಟುತ್ತದೆಂಬುದನ್ನು ಅವರಂತೆ ತೋರಿಸಿಕೊಟ್ಟವರನ್ನು ನಾವು ಕಾಣೆವು. 1957ನೆಯ ಇಸವಿ ಏಪ್ರಿಲ್ 1ನೆಯ ತಾರೀಖು ಹೊಸ ನಾಣ್ಯಗಳು ಚಲಾವಣೆಗೆ ಬಂದಾಗಿನ ಸಂಗತಿಯನ್ನು ಆ ಕಾಲದ ವಿದ್ಯಾರ್ಥಿನಿಯರು ಈಗಲೂ ಹೇಳುವರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಕಲಿತಿದ್ದ ಊರಿಗೆ ರೂಪಾಯಿಗೆ 100 ನಯಾಪೈಸೆ ಎಂದಾಗ ದಿಕ್ಕುತೋಚದಂತಾಯಿತು. ಲೆಕ್ಕದ ಪ್ರಕಾರ ಒಂದು ಆಣೆಗೆ ಆರೂಕಾಲು ನಯಾಪೈಸೆಯಾಗಬೇಕು. ಕಾಲು ಪೈಸೆಯ ನಾಣ್ಯವೇ ಇಲ್ಲವಷ್ಟೆ. ಅದಕ್ಕಾಗಿ ಒಂದು ಆಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರದವರು ಪಟ್ಟಿಯನ್ನು ಮಾಡಿದ್ದರು. ಟೀಚರಮ್ಮನವರು ಆ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು, “ಮೂರಾಣೆಯ ಕಡಲೆಯನ್ನು ಒಂದೇ ಸಲ ಕೊಂಡರೆ ಎಷ್ಟು? ಒಂದೊಂದಾಣೆಯಂತೆ ಮೂರು ಸಲ ಕೊಂಡರೆ ಎಷ್ಟು?” ಎಂದು ಕೇಳಿದರು. ಒಂದು ಕಡೆ 19, ಇನ್ನೊಂದು ಕಡೆ 18. “ಆ ಒಂದು ಪೈಸೆ ಯಾರದಮ್ಮ? ಅಂಗಡಿಯವನದೋ, ನಿಮ್ಮದೋ, ಸರ್ಕಾರದ್ದೋ?” ಹುಡುಗಿಯರು ಒಂದು ವಾರ ಮನೆಯಲ್ಲಿಯೂ ಬೀದಿಯಲ್ಲಿಯೂ ಇದನ್ನೇ ಚರ್ಚಿಸಿದರಂತೆ. ತಾಯಂದಿರು ಮರುವಾರದಿಂದ ಕಡಲೆಯನ್ನು ಒಂದೊಂದಾಣೆಯಂತೆಯೇ ಕೊಳ್ಳತೊಡಗಿದರಂತೆ.

ಇನ್ನೊಂದು ಪಾಠವನ್ನು ನಾವೇ ಕಂಡದ್ದು. ಒಂದು ದಿನ ತಕ್ಕಡಿಯನ್ನು ತರಗತಿಗೆ ತಂದು, ಒಂದು ತಟ್ಟೆಯಲ್ಲಿ ಬೆಲ್ಲವನ್ನೂ ಇನ್ನೊಂದರಲ್ಲಿ ತೂಕದ ಬಟ್ಟನ್ನೂ ಇಟ್ಟು ತೂಗಿದರು. ಸರಿಯಾಗಿ ನಿಂತಿತು. ಆಮೇಲೆ ಬೆಲ್ಲವನ್ನು ಆ ತಟ್ಟೆಗೂ ಬಟ್ಟನ್ನು ಈ ತಟ್ಟೆಗೂ ಬದಲಾಯಿಸಿದರು. ತಕ್ಕಡಿ ಒಂದು ಕಡೆಗೆ ವಾಲಿತು. ದಂಡದ ಎರಡು ತೋಳುಗಳೂ ಸಮನಾಗಿರದ ತಕ್ಕಡಿಯದು, ಹಳೆಯ ಸಾಮಾನಿನವನಿಂದ ಇದಕ್ಕೆಂದೇ ಕೊಂಡಿಟ್ಟಿದ್ದರು. ಖಾಲಿ ತಕ್ಕಡಿಯು ಸಮನಾಗಿ ನಿಂತಿತೆಂದು ನಂಬಬಾರದು, ತಟ್ಟೆ ಬದಲಾಯಿಸಿ ತೂಗಿದಾಗಲೂ ನಿಂತರೆ ನಂಬಬಹುದು ಎಂದು ಹೇಳಿಕೊಟ್ಟು, “ಸಂತೆಯಲ್ಲಿ ‘ತಟ್ಟೆ ಬದಲಾಯಿಸಪ್ಪ’ ಎಂದು ಹೇಳಲು ನಾಚಬೇಡಿ” ಎಂದರು. ಮೋಸದ ತ್ರಾಸನ್ನು ಕುರಿತು ಜ್ಞಾನೋಕ್ತಿಗಳ ಗ್ರಂಥದಲ್ಲಿ ಬರುವ ಮಾತು ಅಂದಿನ ಪ್ರಾರ್ಥನೆಯಲ್ಲಿ ಓದಿದ ವಾಕ್ಯವಾಗಿತ್ತು. ಎರಡನ್ನೂ ಅವರು ಜೋಡಿಸಿ ಹೇಳಲಿಲ್ಲ, ನಮಗೆ ಬಿಟ್ಟುಬಿಟ್ಟರು.

ಇನ್ನು ಅಂಗಡಿಯ ವಿಷಯ. ಅದು ಮೊದಲು ಅವರ ಯಜಮಾನರದು. ಬಸ್ ನಿಲ್ದಾಣಕ್ಕೆ ಸಮೀಪದಲ್ಲಿ ಎರಡು ಅಂಕಣದ ಸಣ್ಣ ಅಂಗಡಿ, ಹಿಂದುಗಡೆ ವಾಸದ ಮನೆ. ಉಪ್ಪು, ಬೆಲ್ಲ, ಕಡಲೆಕಾಯಿ, ಮಂಡಕ್ಕಿ, ಸೀಮೆಎಣ್ಣೆ, ಜೊತೆಗೆ ಶಾಲೆಯ ಮಕ್ಕಳಿಗೆ ಬೇಕಾದ ಸ್ಲೇಟು ಬಳಪಗಳು. 1964ರಲ್ಲಿ ಯಜಮಾನರು ಕಾಯಿಲೆಯಿಂದ ತೀರಿಕೊಂಡಾಗ ಏಳು, ಐದು, ಎರಡು ವರುಷದ ಮೂವರು ಮಕ್ಕಳನ್ನೂ, ವಯಸ್ಸಾದ ಅತ್ತೆಯವರನ್ನೂ, ಮಂಡಿಯವರಿಗೆ ಕೊಡಬೇಕಾದ ಸಾಲವನ್ನೂ ಬಿಟ್ಟುಹೋದರು. ಅನುದಾನಿತ ಶಾಲೆಗಳ ಸಂಬಳ ಆಗ ತಿಂಗಳಿಗೆ ತಿಂಗಳು ಕೈಸೇರುವ ವಸ್ತುವಾಗಿರಲಿಲ್ಲ. ಅಂಗಡಿಯನ್ನು ಮಾರಿಬಿಡಿರೆಂದು ಎಲ್ಲರೂ ಹೇಳಿದರು. ಅವರು ಮಾರಲಿಲ್ಲ. ಹಗಲು ಅತ್ತೆಯವರು ಕುಳಿತುಕೊಳ್ಳುವರು. ಶಾಲೆಯ ಗಂಟೆ ಹೊಡೆದ ಮೇಲೆ ಸೊಸೆ ಕುಳಿತುಕೊಳ್ಳುವರು.

ಉಪಾಧ್ಯಾಯಿನಿಯಾದವಳು ತಕ್ಕಡಿ ಹಿಡಿಯುವುದು ಆ ದಿನಗಳಲ್ಲಿ ಗೌರವಕ್ಕೆ ಕುಂದೆಂದು ಎಣಿಸುವವರಿದ್ದರು. ಯಾರೋ ಮೇಲಿನವರಿಗೆ ಒಂದು ಮೂಗರ್ಜಿಯನ್ನೂ ಹಾಕಿದರು. ವಿಚಾರಣೆಗೆ ಕರೆದಾಗ ಟೀಚರಮ್ಮನವರು ಕೊಟ್ಟ ಉತ್ತರ ನಮ್ಮ ಶಾಲೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ: “ಅಂಗಡಿ ನಮ್ಮ ಅತ್ತೆಯವರ ಹೆಸರಿನಲ್ಲಿದೆ ಸ್ವಾಮಿ. ಸಾಯಂಕಾಲ ಅತ್ತೆಗೆ ಕೈಸಹಾಯ ಮಾಡದ ಸೊಸೆಯನ್ನು ನೀವು ಒಳ್ಳೆಯವಳೆನ್ನುವಿರಾ?” ವಿಚಾರಣೆ ಅಲ್ಲಿಗೇ ನಿಂತಿತು. ನಮಗೇನೋ ಈ ವಿಷಯದಲ್ಲಿ ಸಂದೇಹವೇ ಇಲ್ಲ. ಅಪೊಸ್ತಲನಾದ ಪೌಲನು ಗುಡಾರ ಮಾಡುವ ಕಸುಬಿನಿಂದ ಜೀವಿಸಿದನು. ಫಿಲಿಪ್ಪಿಯಲ್ಲಿ ಅವನಿಗೆ ಮನೆಯ ಬಾಗಿಲು ತೆರೆದ ಲುದ್ಯಳು ಬಟ್ಟೆಯ ವ್ಯಾಪಾರಿ. ಆ ಅಧ್ಯಾಯವನ್ನು ಪ್ರತಿ ವರುಷ ಪಾಠಹೇಳುವ ನಾವು ನಮ್ಮ ನಡುವಿನ ಲುದ್ಯಳನ್ನು ಕಂಡು ಮೂಗು ಮುರಿಯುವುದು ವಿಚಿತ್ರವೇ ಸರಿ.

ಆ ಅಂಗಡಿಯು ನಮ್ಮ ಶಾಲೆಯ ಅರ್ಧಭಾಗವಾಗಿತ್ತೆಂದರೆ ಹೊಸ ಪೋಷಕರಿಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವನ್ನು ಸ್ವಲ್ಪ ವಿವರಿಸಬೇಕು. ಹೊಸದುರ್ಗದ ಕಡೆಯ ಹುಡುಗಿಯರು ದೂರದ ದೆಸೆಯಿಂದ ಬೋರ್ಡಿಂಗಿನಲ್ಲಿದ್ದು ಶನಿವಾರ ಊರಿಗೆ ಹೋಗುವರು. ಹೊಳಲ್ಕೆರೆಯ ಕಡೆಯವರೂ ಹಿರಿಯೂರಿನ ದಾರಿಯ ಹಳ್ಳಿಗಳವರೂ ದಿನವೂ ಬಸ್ಸಿನಲ್ಲಿ ಬಂದುಹೋಗುವರು. ಶಾಲೆ ಬಿಡುವುದು ನಾಲ್ಕೂವರೆಗೆ, ಬಸ್ಸು ಹೊರಡುವುದು ಆರಕ್ಕೆ. ಕೆಲವು ದಿನ ಏಳಕ್ಕೆ, ಕೆಲವು ದಿನ ಬಾರದೆಯೇ ಹೋಗುವುದೂ ಉಂಟು. ಬೆಳೆದ ಹುಡುಗಿ ಬಸ್ ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಾಲ ಒಬ್ಬಳೇ ನಿಂತಿರುವಳೆಂಬುದೊಂದೇ ಕಾರಣದಿಂದ ಏಳನೆಯ ತರಗತಿಗೇ ಓದನ್ನು ನಿಲ್ಲಿಸಿದ ತಂದೆಗಳು ಎಷ್ಟು ಮಂದಿಯೋ! ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಇರುವ ಅಡ್ಡಿಗಳನ್ನು ಕುರಿತು ಸಭೆಗಳಲ್ಲಿ ದೊಡ್ಡ ದೊಡ್ಡ ಮಾತುಗಳನ್ನು ಕೇಳುವೆವು. ನಮ್ಮ ಸೀಮೆಯಲ್ಲಿ ಆ ಅಡ್ಡಿಯು ಬಹುಮಟ್ಟಿಗೆ ಈ ಒಂದೂವರೆ ಗಂಟೆಯೇ ಆಗಿತ್ತು.

ಟೀಚರಮ್ಮನವರು ಅಂಗಡಿಯ ಒಂದು ಅಂಕಣದಿಂದ ಮೂಟೆಗಳನ್ನು ತೆಗೆಸಿ ಎರಡು ಉದ್ದ ಬೆಂಚುಗಳನ್ನು ಹಾಕಿಸಿದರು. ಹೊರಗೆ ಒಂದು ದೊಡ್ಡ ಸ್ಲೇಟನ್ನು ತೂಗುಹಾಕಿ ಯಾವ ಬಸ್ಸು ಎಷ್ಟು ಗಂಟೆಗೆಂದು ಪ್ರತಿದಿನವೂ ಬರೆದಿಡುವರು. ನಮ್ಮ ಕಡೆಯ ಬಸ್ಸುಗಳು ಬಹಳಮಟ್ಟಿಗೆ ಖಾಸಗಿಯವರವು; ಹೊತ್ತು ತಪ್ಪಿದರೆ ಕಂಡಕ್ಟರರೇ ಅಂಗಡಿಗೆ ಬಂದು ಹೇಳಿ ಸ್ಲೇಟನ್ನು ತಿದ್ದಿಸಿ ಹೋಗುವ ಪದ್ಧತಿ ಬೆಳೆಯಿತು. ಇನ್ನೊಂದು ನೋಟುಬುಕ್ಕಿನಲ್ಲಿ ಊರು ಊರಿನ ಹುಡುಗಿಯರ ಹೆಸರು. ಬಸ್ಸು ಹತ್ತುವಾಗ ಗುರುತುಹಾಕುವರು. ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಬಂದವರ ಲೆಕ್ಕವಿದ್ದರೆ ಇದರಲ್ಲಿ ಸಾಯಂಕಾಲ ಕ್ಷೇಮವಾಗಿ ಹೋದವರ ಲೆಕ್ಕ. ಕಾಯುವ ಹೊತ್ತಿನಲ್ಲಿ ಸುಮ್ಮನೆ ಕೂರುವಂತಿಲ್ಲ, ನಾಳೆಯ ಪಾಠವನ್ನು ಓದಬೇಕು. ರಿಬ್ಬನು ಬೇಕಾದವಳು ಎಷ್ಟು ಮೊಳಕ್ಕೆ ಎಷ್ಟು ದುಡ್ಡೆಂದು ತಾನೇ ಲೆಕ್ಕಮಾಡಿ ಹೇಳಬೇಕು. ತಪ್ಪು ಹೇಳಿದರೆ ರಿಬ್ಬನು ಇಲ್ಲ. ಹುಡುಗಿಯರಿಗೆ ಉದ್ದರಿ ಇಲ್ಲ. ಪರೀಕ್ಷೆಯ ಉತ್ತರಗಳನ್ನು ಅಚ್ಚುಹಾಕಿದ ಗೈಡುಗಳನ್ನು ಮಾರಿದ್ದರೆ ಒಳ್ಳೆಯ ಲಾಭ ಬರುತ್ತಿತ್ತು. ಅವು ಆ ಅಂಗಡಿಯ ಹೊಸ್ತಿಲನ್ನು ದಾಟಲಿಲ್ಲ.

1989ನೆಯ ಇಸವಿಯ ಮಳೆಗಾಲದಲ್ಲಿ, ನಾವು ಆರನೆಯ ತರಗತಿಯಲ್ಲಿದ್ದಾಗ, ಹೊಳಲ್ಕೆರೆಯ ಬಸ್ಸು ಬರುವ ದಾರಿಯಲ್ಲಿಯೇ ಕೆಟ್ಟುನಿಂತಿತು. ಮಳೆ ಬಿಡುವಂತಿರಲಿಲ್ಲ. ಹಳ್ಳಿಗಳಲ್ಲಿ ಟೆಲಿಫೋನು ಎಲ್ಲಿಯದು? ಟೀಚರಮ್ಮನವರು ನಾವು ಹನ್ನೊಂದು ಮಂದಿಯ ಹೆಸರು, ತಂದೆಯ ಹೆಸರು, ಊರುಗಳನ್ನು ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ತಮ್ಮಲ್ಲಿರುವರೆಂದು ಕೆಳಗೆ ರುಜುಮಾಡಿ, ಹೊಳಲ್ಕೆರೆಗೆ ಹೋಗುತ್ತಿದ್ದ ಅಡಕೆಯ ಲಾರಿಯ ಡ್ರೈವರನ ಕೈಯಲ್ಲಿ ಕಳುಹಿಸಿದರು. ನಮ್ಮನ್ನು ಹಿಂದಿನ ಮನೆಗೆ ಕರೆದು ಚಾಪೆ ಹಾಸಿಕೊಟ್ಟರು. ಅವರ ಮಗಳು ಒಲೆಯ ಮುಂದೆ ಕುಳಿತು ಹನ್ನೊಂದು ಮಂದಿಗೂ ಉಪ್ಪಿಟ್ಟು ಮಾಡುತ್ತಿದ್ದರು. ನಮ್ಮಲ್ಲೊಬ್ಬಳು ಚರಿತ್ರೆಯ ಪಾಠವನ್ನು ಗಟ್ಟಿಯಾಗಿ ಉರುಹೊಡೆಯುತ್ತ, ಮೈಸೂರು ರಾಜ್ಯವನ್ನು ಇಂಗ್ಲಿಷರು ಒಡೆಯರಿಗೆ 1831ರಲ್ಲಿ ಹಿಂದಕ್ಕೆ ಕೊಟ್ಟರೆಂದು ಓದಿದಳು. “ಕಿತ್ತುಕೊಂಡಿದ್ದು 1831, ಕೊಟ್ಟಿದ್ದು 1881 ಕಣಮ್ಮ” ಎಂಬ ಮಾತು ಒಲೆಯ ಕಡೆಯಿಂದ ಬಂದಿತು. ಸೌಟು ನಿಲ್ಲಲಿಲ್ಲ. ಅವರು ತಲೆಯೆತ್ತಿಯೂ ನೋಡಲಿಲ್ಲ.

ರಾತ್ರಿ ಬಹಳ ಹೊತ್ತಾದ ಮೇಲೆ ಒಬ್ಬ ಹುಡುಗಿಯ ತಂದೆ ಲಾರಿಯೊಂದನ್ನು ಹಿಡಿದು ನೆನೆದುಕೊಂಡೇ ಬಂದರು. ಮಗಳ ಓದನ್ನು ಆ ವರುಷಕ್ಕೇ ನಿಲ್ಲಿಸುವೆನೆಂದು ಊರಲ್ಲಿ ಹೇಳುತ್ತಿದ್ದವರು ಅವರು. ಬಾಗಿಲಿನಿಂದ ಇಣುಕಿ ನೋಡಿದರು: ಹುಡುಗಿಯರೆಲ್ಲರೂ ಸಾಲಾಗಿ ಮಲಗಿರುವರು, ಹೊಸ್ತಿಲ ಬಳಿ ಲಾಟೀನಿನ ಬೆಳಕಿನಲ್ಲಿ ಟೀಚರಮ್ಮನವರು ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತ ಕುಳಿತಿರುವರು. ಮಗಳನ್ನು ಎಬ್ಬಿಸುವುದು ಬೇಡವೆಂದು ಹೇಳಿ ಅವರು ಹೊರಗಿನ ಬೆಂಚಿನ ಮೇಲೆ ಬೆಳಗಿನ ತನಕ ಕುಳಿತರು. ಬೆಳಿಗ್ಗೆ ಉಪ್ಪಿಟ್ಟಿನ ದುಡ್ಡನ್ನು ಕೊಡಲು ಹೋದಾಗ ಬೇಡವೆನ್ನುವರೆಂದು ನಾವೆಲ್ಲರೂ ತಿಳಿದಿದ್ದೆವು. ಟೀಚರಮ್ಮನವರು ರವೆ, ಎಣ್ಣೆ, ಈರುಳ್ಳಿಗಳ ಲೆಕ್ಕಹಾಕಿ, ತಟ್ಟೆಯೊಂದಕ್ಕೆ ಇಷ್ಟೆಂದು ಹೇಳಿ, ತೆಗೆದುಕೊಂಡೇಬಿಟ್ಟರು. “ಪುಕ್ಕಟೆ ಉಂಡವಳೆಂದು ನಾಳೆ ನಿಮ್ಮ ಮಗಳನ್ನು ಯಾರೂ ಅನ್ನಬಾರದಲ್ಲ ಯಜಮಾನರೇ.” ಆ ಹುಡುಗಿ ಎಸ್.ಎಸ್.ಎಲ್.ಸಿ. ಮುಗಿಸಿ ನರ್ಸ್ ತರಬೇತಿಯನ್ನು ಪಡೆದಳು.

ಇಷ್ಟರ ವರೆಗೆ ಬರೆದುದನ್ನು ಓದಿ ತಲೆದೂಗದವರು ಇರಲಾರರು. ಆದರೆ ಟೀಚರಮ್ಮನವರು ಉಪಾಧ್ಯಾಯಿನಿಯೂ ಅಂಗಡಿಯವರೂ ಆಗಿದ್ದಂತೆ ತಾಯಿಯೂ ಆಗಿದ್ದರು. ಆ ಭಾಗವನ್ನು ಬಿಡಬಾರದೆಂದು ಅವರ ಮಗಳೇ ನಮಗೆ ಹೇಳಿರುವರು. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತೇವೆ.

1974ರಲ್ಲಿ ಅತ್ತೆಯವರು ತೀರಿಕೊಂಡರು. ಹಗಲು ಅಂಗಡಿಯಲ್ಲಿ ಕುಳಿತುಕೊಳ್ಳುವವರಿಲ್ಲವಾಯಿತು. ಮಗಳು ಅದೇ ವರುಷ ನಮ್ಮ ಶಾಲೆಯಿಂದಲೇ ಎಸ್.ಎಸ್.ಎಲ್.ಸಿ. ಮುಗಿಸಿದ್ದರು, ಒಳ್ಳೆಯ ಅಂಕಗಳೂ ಬಂದಿದ್ದವು; ತಾಯಿಯಂತೆಯೇ ಉಪಾಧ್ಯಾಯಿನಿಯಾಗಬೇಕೆಂಬ ಆಸೆ, ತರಬೇತಿಗೆ ಅರ್ಜಿಯನ್ನೂ ತರಿಸಿಕೊಂಡಿದ್ದರು. ಅಂಗಡಿಯನ್ನು ಮುಚ್ಚಿದರೆ ಸಾಲ ತೀರದು. ತಮ್ಮಂದಿರ ಓದು ಸಾಗದು. ಇಪ್ಪತ್ತು ಮೂವತ್ತು ಹುಡುಗಿಯರಿಗೆ ಸಾಯಂಕಾಲ ಕುಳಿತುಕೊಳ್ಳಲು ಜಾಗವಿರದು. ಮಗಳು ಅಂಗಡಿಯಲ್ಲಿ ಕುಳಿತರು. ಒಂದು ವರುಷಕ್ಕೆಂದು ಮಾತಾಗಿತ್ತು. ತಮ್ಮಂದಿರಿಬ್ಬರೂ ಕಾಲೇಜಿಗೆ ಹೋದರು, ಒಬ್ಬರು ದಾವಣಗೆರೆಯಲ್ಲಿಯೂ ಒಬ್ಬರು ಬೆಂಗಳೂರಿನಲ್ಲಿಯೂ ನೆಲಸಿದರು. ಮಗಳು ಮದುವೆಯಾಗಲಿಲ್ಲ. ಆ ಅರ್ಜಿಯ ಹಾಳೆ ತುಂಬದೆ ಹಾಗೆಯೇ ಉಳಿಯಿತು.

ಪರರ ಹೆಣ್ಣುಮಕ್ಕಳ ಓದು ನಿಲ್ಲಬಾರದೆಂದು ಹೋರಾಡಿದ ತಾಯಿಯು ತನ್ನ ಮಗಳ ಓದನ್ನು ನಿಲ್ಲಿಸಿದಳೆಂದರೆ ಕೇಳುವವರಿಗೆ ಕಠಿನವಾಗಿ ತೋರುವುದು. ಗಂಡುಮಕ್ಕಳ ಓದನ್ನು ನಿಲ್ಲಿಸುವ ಯೋಚನೆಯೇ ಆ ಮನೆಯಲ್ಲಿ ಬರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಟೀಚರಮ್ಮನವರೂ ತಮ್ಮ ಕಾಲದ ಮಗಳೇ. ಒಂದು ದಿನ, ಆಗ ಅವರಿಗೆ ಎಂಬತ್ತು ದಾಟಿತ್ತು, ನಾವು ಧೈರ್ಯಮಾಡಿ ಈ ಮಾತನ್ನು ಎತ್ತಿದೆವು. ಅವರು ಬಹಳ ಹೊತ್ತು ಬಳಪದ ಡಬ್ಬಿಯನ್ನು ತೆರೆಯುತ್ತ ಮುಚ್ಚುತ್ತ ಇದ್ದರು. ಕೊನೆಗೆ, “ಅವಳು ಬೇಡ ಅನ್ನಲಿಲ್ಲ. ಬೇಡ ಅನ್ನುವಂತೆ ನಾನು ಬೆಳೆಸಿರಲಿಲ್ಲ” ಎಂದು ಹೇಳಿ ಒಳಗೆ ಎದ್ದುಹೋದರು. ಅದಕ್ಕಿಂತ ಹೆಚ್ಚಿಗೆ ಅವರ ಬಾಯಿಂದ ಬರಲಿಲ್ಲ, ನಾವೂ ಮತ್ತೆ ಕೇಳಲಿಲ್ಲ.

ನಿವೃತ್ತರಾದ ಮೇಲಿನ ಮೂವತ್ತಮೂರು ವರುಷಗಳನ್ನು ಬೇಗನೆ ಹೇಳಿಬಿಡಬಹುದು. ಅಂಗಡಿಯಲ್ಲಿ ಒಂದು ದಿನ ಇನ್ನೊಂದು ದಿನದಂತೆಯೇ ಕಳೆಯಿತು. ನಮ್ಮ ಜಿಲ್ಲೆಯಿಂದ ದಾವಣಗೆರೆಯು 1997ರಲ್ಲಿ ಬೇರೆಯಾಯಿತು. 2006-07ರಿಂದ ಎಂಟನೆಯ ತರಗತಿಯ ಹುಡುಗಿಯರಿಗೆ ಸರ್ಕಾರದವರು ಕೆಲವು ಕಾಲ ಸೈಕಲ್ಲುಗಳನ್ನು ಕೊಟ್ಟರು. ಸಮೀಪದ ಹಳ್ಳಿಯವರು ಬೆಂಚಿನಿಂದ ಎದ್ದು ಸೈಕಲ್ಲು ಹತ್ತಿದರು. ದೂರದವರು ಮಾತ್ರ ಬೆಂಚಿನಲ್ಲಿಯೇ ಉಳಿದರು.

2022ರ ಸೆಪ್ಟೆಂಬರಿನಲ್ಲಿ ವಾಣೀವಿಲಾಸ ಸಾಗರವು ತುಂಬಿ ಕೋಡಿ ಬಿದ್ದಿತು. ಅದಕ್ಕೆ ಹಿಂದೆ ಕೋಡಿ ಬಿದ್ದುದು 1933ರಲ್ಲಿ. 89 ವರುಷಗಳ ಅಂತರ. ಜಿಲ್ಲೆಯೇ ನೋಡಲು ಹೊರಟಿತು. ಮೊದಲನೆಯದನ್ನು ತೋರಿಸಲು ತಾಯಿಯು ಒಂದು ವರುಷದ ತಮ್ಮನ್ನು ಸೊಂಟದ ಮೇಲೆ ಹೊತ್ತುಕೊಂಡು ಹೋಗಿದ್ದರೆಂದು ಟೀಚರಮ್ಮನವರು ಕೇಳಿ ತಿಳಿದಿದ್ದರು, ಈಗ ಕರೆದುಕೊಂಡು ಹೋಗಲೇಬೇಕೆಂದು ಹಟಹಿಡಿದರು. ಮಗಳೂ ನಾವೂ ಕಾರಿನಲ್ಲಿ ಕರೆದೊಯ್ದೆವು. ಜನಜಂಗುಳಿಯಲ್ಲಿ ಕುರ್ಚಿಯನ್ನು ಹಾಕಿ ಕೂರಿಸಿದೆವು. ನೀರು ಕೋಡಿಯ ಮೇಲೆ ಹರಿದುಬೀಳುವುದನ್ನು ಅವರು ನೋಡಿದುದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ, ಭದ್ರಾ ನೀರನ್ನು ಮೇಲೆತ್ತಿ ಇದಕ್ಕೆ ಹರಿಸುತ್ತಿರುವರಂತಲ್ಲ, ಹಾಗಾದರೆ ಇದರಲ್ಲಿ ಮಳೆಯ ಪಾಲೆಷ್ಟು, ಭದ್ರೆಯ ಪಾಲೆಷ್ಟು ಎಂದು ನಮ್ಮನ್ನು ಕೇಳತೊಡಗಿದರು. ನೀರುಗಂಟಿಯ ಮಗಳು! ಮನೆಗೆ ಬರುವ ದಾರಿಯಲ್ಲಿ ಹಿರಿಯೂರು ದಾಟಿದ ಮೇಲೆ ಅವರು ಮಗಳ ಕೈಯನ್ನು ಹಿಡಿದುಕೊಂಡು ಕುಳಿತಿದ್ದರು. ದುರ್ಗ ಮುಟ್ಟುವ ತನಕ ಇಬ್ಬರೂ ಮಾತನಾಡಲಿಲ್ಲ.

ಮರುವರುಷ, 2023ರ ಜೂನ್ 11ರಿಂದ, ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲದೆ ಪ್ರಯಾಣಮಾಡುವ ಅನುಕೂಲವು ಜಾರಿಗೆ ಬಂದಿತು. ಹೊಳಲ್ಕೆರೆಯಿಂದ ಬಂದ ಹಳೆಯ ವಿದ್ಯಾರ್ಥಿನಿಯೊಬ್ಬರು ಶೂನ್ಯ ಬೆಲೆಯ ಆ ಚೀಟಿಯನ್ನು ತಂದು ತೋರಿಸಿದರು. ಟೀಚರಮ್ಮನವರು ಕನ್ನಡಕವನ್ನು ಹಾಕಿಕೊಂಡು ಎರಡೂ ಮಗ್ಗುಲನ್ನು ನೋಡಿ, “ಚೀಟಿಯಲ್ಲಿ ಸೊನ್ನೆ, ಸರಿ. ಬಸ್ಸು ಎಷ್ಟು ಗಂಟೆಗೆ?” ಎಂದು ಕೇಳಿದರಂತೆ. ಅದೇ ವರುಷ ಆಗಸ್ಟಿನಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ಕರ್ತನಲ್ಲಿ ವಿಶ್ರಾಂತಿ ಹೊಂದಿದರು. 2025ರ ಜನವರಿಯಲ್ಲಿ ಜಲಾಶಯವು ಮತ್ತೊಮ್ಮೆ ಕೋಡಿ ಬಿದ್ದಾಗ ಕುರ್ಚಿ ಹೊರುವ ಕೆಲಸ ನಮಗೆ ಇರಲಿಲ್ಲ.

ಸಮಾಧಿಯ ದಿನ ದೇವಾಲಯದಲ್ಲಿ ಸ್ಥಳ ಸಾಲದೆ ಜನರು ರಸ್ತೆಯ ತನಕ ನಿಂತಿದ್ದರು. ಎಲ್ಲ ಮತದವರೂ ಇದ್ದರು. ಬಸ್ಸಿನವರು ಒಂದು ಗಂಟೆಯ ಕಾಲ ವಾಹನಗಳನ್ನು ನಿಲ್ಲಿಸಿ ಬಂದಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು, ಆಕೆ ನಮಗೆಲ್ಲರಿಗೂ ತಾಯಿಯಾಗಿದ್ದರೆಂದು ಹೇಳಿ ಕಣ್ಣೊರೆಸಿಕೊಂಡರು. ಕೊನೆಯಲ್ಲಿ ಮಗಳು ಎದ್ದುನಿಂತು, “ಅಮ್ಮ ನಿಮಗೆಲ್ಲ ತಾಯಿ. ನನಗೆ ಅಂಗಡಿಯ ಯಜಮಾನಿ. ಒಳ್ಳೆಯ ಯಜಮಾನಿ” ಎಂದಷ್ಟೇ ಹೇಳಿ ಕುಳಿತರು. ಆ ಮಾತನ್ನು ಕೇಳಿ ಕೆಲವರಿಗೆ ನೋವಾಯಿತೆಂದು ಆಮೇಲೆ ತಿಳಿದುಬಂದಿತು. ನಮಗಾದರೋ ಆ ದಿನ ಆಡಿದ ಮಾತುಗಳಲ್ಲೆಲ್ಲ ನೆನಪಿನಲ್ಲಿ ಉಳಿದಿರುವುದು ಅದೊಂದೇ.

ಹಳೆಯ ವಿದ್ಯಾರ್ಥಿನಿಯರು ಕೂಡಿಸಿರುವ ಹಣದಿಂದ ಟೀಚರಮ್ಮನವರ ದೊಡ್ಡ ಭಾವಚಿತ್ರವನ್ನು ಬರೆಯಿಸಿ ಸಭಾಂಗಣದಲ್ಲಿ ಹಾಕಬೇಕೆಂದು ಮೊದಲು ಯೋಚನೆಯಾಗಿತ್ತು. ಮಗಳನ್ನು ಕೇಳಲು ಹೋದಾಗ, ತಮಗೂ 68 ವರುಷವಾಯಿತು, ಮೊಣಕಾಲು ನೋವು, ಈ ವರುಷದ ಕೊನೆಗೆ ಅಂಗಡಿಯನ್ನು ಮುಚ್ಚುವೆನೆಂದು ತಿಳಿಸಿ, “ಪಟ ಯಾಕೆ? ಆ ಮಕ್ಕಳು ಎಲ್ಲಿ ಕೂರ್ತಾರೆ, ಅದು ನೋಡಿ” ಎಂದರು. ಅದರ ಮೇಲೆ ಸಮಿತಿಯವರು ಆಲೋಚಿಸಿ, ಶಾಲೆಯ ಹೆಬ್ಬಾಗಿಲಿನ ಪಕ್ಕದಲ್ಲಿ, ರಸ್ತೆಯು ಕಾಣುವಂತೆ, ಒಂದು ಕೊಠಡಿಯನ್ನು ಕಟ್ಟಿಸುವುದೆಂದು ಗೊತ್ತುಮಾಡಿರುತ್ತಾರೆ. ಎರಡು ಬೆಂಚುಗಳೂ ಸ್ಲೇಟೂ ಅಂಗಡಿಯಿಂದ ಅಲ್ಲಿಗೆ ಬರುವವು. ಸಾಯಂಕಾಲದ ಬಸ್ಸಿಗೆ ಕಾಯುವ ಮಕ್ಕಳ ಪೋಷಕರು ಊರು, ಬಸ್ಸು, ಹೊರಡುವ ವೇಳೆ ಇವುಗಳನ್ನು ಬರೆದು ಶಾಲೆಯ ಕಚೇರಿಗೆ ತಲಪಿಸಬೇಕೆಂದು ಕೋರುತ್ತೇವೆ.

ಆ ಕೊಠಡಿಯಲ್ಲಿ ದಿನವೂ ನಾಲ್ಕೂವರೆಯಿಂದ ಏಳರ ತನಕ ಕುಳಿತು ಹೆಸರಿಗೆ ಗುರುತುಹಾಕಿ ಮಕ್ಕಳನ್ನು ಬಸ್ಸು ಹತ್ತಿಸಲು ತಾವು ಬರಬಹುದೇ ಎಂದು ನಾವು ಮಗಳನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಬಳವೆಷ್ಟು ಎಂದು ಕೇಳಿದರು. ಸಮಿತಿಯವರು ಅದನ್ನು ಗೊತ್ತುಮಾಡಿದ್ದಾರೆ.